ಬ್ಯಾಂಡೇಜ್ ಮೂಸುತ್ತಿದ್ದ ಸಿಸ್ಟರ್

ಬಿಚ್ಚಿದ ಬ್ಯಾಂಡೇಜನ್ನು ಅವರು ಮೊದಲು ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಮಾಸ್ಕನ್ನು ಗದ್ದಕ್ಕಿಳಿಸಿ, ಕಣ್ಣು ಮುಚ್ಚಿ, ಕೀವು ಹತ್ತಿ ಹಳದಿಯಾದ ಆ ಬಟ್ಟೆಯನ್ನು ಸಾರಿನ ಹದ ನೋಡುವವರಂತೆ ಮೂಸುತ್ತಿದ್ದರು. ನಾನು ಮುಖ ಆಚೆ ತಿರುಗಿಸುತ್ತಿದ್ದೆ. ಅದು ನನ್ನದೇ ಕಾಲಿನ ಕೀವು ಎಂದು ನೆನೆದರೆ ಇನ್ನಷ್ಟು ಹೇಸಿಗೆ.

ಜಯನಗರದ ಸಣ್ಣ ಕ್ಲಿನಿಕ್ಕೊಂದರಲ್ಲಿ ಅವರು ಗಾಯಕ್ಕೆ ಡ್ರೆಸ್ಸಿಂಗ್ ಮಾಡುವ ಸಿಸ್ಟರ್. ಗಾಯ ಮಾಯುತ್ತಿದೆಯೋ ಕೊಳೆಯುತ್ತಿದೆಯೋ ಎಂಬುದು ಅವರಿಗೆ ವಾಸನೆಯಲ್ಲೇ ತಿಳಿಯುತ್ತಿತ್ತು. ಬೇಗೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ನಾನು ಬನಶಂಕರಿಯಲ್ಲಿ ಬ್ಲೌಸ್ ಹೊಲಿಯುವವನು. ಮೆಷಿನ್ನಿನ ಮುರಿದ ಸೂಜಿ ಪಾದಕ್ಕೆ ಹೊಕ್ಕು ನಾಲ್ಕು ದಿನವಾದರೂ ನನಗೆ ಗೊತ್ತಾಗಿರಲಿಲ್ಲ. ಅಂಗಡಿಗೆ ಬಂದ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡಾಗಲೇ ಬಗ್ಗಿ ನೋಡಿದ್ದು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಶುಗರ್ ಏರಿ ಕಾಲಿನ ನರ ಜಡವಾಗಿದೆ ಎಂದರು. ಮಾತ್ರೆ ಬರೆದುಕೊಟ್ಟು, ಅನ್ನ, ಮುದ್ದೆ, ಚಪಾತಿ ತೀರಾ ಕಡಿಮೆ ಮಾಡಿ ತರಕಾರಿ, ಮೊಟ್ಟೆ, ಮೀನು ಹೆಚ್ಚು ತಿನ್ನಲು ಹೇಳಿದರು.

ಹೆಂಡತಿ ಹೂಕೋಸು ತುರಿದು ಬೇಯಿಸಿ, ಅದರ ಮೇಲೆ ಸಾರು ಬಡಿಸಿದಳು. ಒದ್ದೆ ಬಟ್ಟೆ ಅಗಿದಂತಿತ್ತು. ಮೂರನೆಯ ದಿನಕ್ಕೆ ಮೊಟ್ಟೆಯ ವಾಸನೆಗೇ ವಾಕರಿಕೆ ಬಂತು. ಅನ್ನದ ನೆನಪೇ ಆಗುವುದಿಲ್ಲ ಎಂದು ಫೋನಿನ ವಿಡಿಯೋಗಳಲ್ಲಿ ನಗುನಗುತ್ತಾ ಹೇಳುವವರನ್ನು ಕಂಡರೂ ಮೈ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಡ್ರೆಸ್ಸಿಂಗಿಗೆ ಬೇಗ ಹೋದೆ. ಸಿಸ್ಟರ್ ಊಟ ಮಾಡುತ್ತಿದ್ದರು. ಡಬ್ಬಿಯಲ್ಲಿ ಎರಡು ಮೊಟ್ಟೆ, ಸಪ್ಪೆ ಬೀನ್ಸ್ ಪಲ್ಯ. ಕಹಿ ಕಷಾಯ ಕುಡಿಯುವ ಮಗುವಿನಂತೆ ಮುಖ ಕಿವುಚಿ ನುಂಗುತ್ತಿದ್ದರು. ನಿಮಗೂ ಶುಗರ್ ಇದೆಯೇ ಎಂದು ಕೇಳಿದೆ.

“ಹನ್ನೆರಡು ವರ್ಷ ಆಯ್ತು. ಚೆನ್ನಾಗಿರುತ್ತೆ ಅಂತ ಸುಳ್ಳು ಹೇಳಲ್ಲ ಟೈಲರಣ್ಣ, ನನಗೂ ಅಸಹ್ಯಾನೇ. ಇಷ್ಟ ಆಗ್ಲಿ ಅಂತ ಕಾಯ್ಬೇಡಿ. ತಿಂದ್ಬಿಡಿ.”

ಅಷ್ಟು ದಿನದಲ್ಲಿ ನನಗೆ ನಿಜ ಹೇಳಿದವರು ಅವರೊಬ್ಬರೇ.

ಆದರೂ ನಾನು ಕೆಟ್ಟೆ. ತ್ಯಾಗರಾಜನಗರದಲ್ಲಿ ತಮ್ಮನ ಮನೆಯ ಗೃಹಪ್ರವೇಶ. ಬೇಡವೆಂದರೂ ಎಲೆಗೆ ಒಬ್ಬಟ್ಟು ಬಿತ್ತು, ಮೇಲೆ ತುಪ್ಪ ಬಿತ್ತು. ಒಂದು ದಿನಕ್ಕೆ ಏನಾಗುತ್ತೆ ಎಂದರು ನೆಂಟರು. ಆ ಒಂದು ದಿನ ಹತ್ತು ದಿನವಾಯಿತು. ಅಂಗಡಿ ಪಕ್ಕದ ಬೇಕರಿಯಲ್ಲಿ, ಗೋಡೆಗೆ ಮುಖ ಮಾಡಿ, ಕಳ್ಳನಂತೆ ಸಿಹಿ ಕೊಬ್ಬರಿ ತುಂಬಿದ ದಿಲ್‌ಪಸಂದ್ ತಿಂದೆ.

ಹತ್ತನೆಯ ದಿನ ಡ್ರೆಸ್ಸಿಂಗಿಗೆ ಹೋದಾಗ ಸಿಸ್ಟರ್ ಬ್ಯಾಂಡೇಜ್ ಮೂಸಿ, ಮೊದಲ ಸಲ ಮುಖ ತಿರುಗಿಸಿದರು. ಏನು ತಿಂದಿರಿ ಎಂದು ಕೇಳಿದರು. ಏನೂ ಇಲ್ಲ ಎಂದೆ.

ಅವರು ಪಕ್ಕದ ಮಂಚದಲ್ಲಿ ಮಲಗಿದ್ದ ತಾತನ ಹತ್ತಿರ ಹೋಗಿ, ಇವರು ನಿಮ್ಮ ಕಾಲು ನೋಡಬಹುದೇ ಎಂದು ಮೆಲ್ಲಗೆ ಕೇಳಿದರು. ತಾತ ಆಗಲಿ ಎಂದು ತಲೆಯಾಡಿಸಿದ. ನನ್ನ ಕೈಗೆ ಟ್ರೇ ಕೊಟ್ಟು ಆತನ ಕಾಲಿನ ಬ್ಯಾಂಡೇಜ್ ಬಿಚ್ಚಿದರು. ಬೆರಳುಗಳಿರಬೇಕಾದ ಕಡೆ ಕಪ್ಪು ಮಾಂಸವಿತ್ತು. ಸತ್ತ ಇಲಿಯ ನಾತ ಗಂಟಲಿಗೇ ಹೊಡೆಯಿತು. ಟ್ರೇ ಕೆಳಗಿಟ್ಟು, ಸಿಂಕಿಗೆ ಓಡಿ ವಾಂತಿ ಮಾಡಿದೆ.

ಬಾಯಿ ತೊಳೆದು ಬಂದಾಗ ಸಿಸ್ಟರ್ ಹೇಳಿದರು: “ಇವರೂ ಏನೂ ತಿಂದಿಲ್ಲ ಅಂತಾನೇ ಹೇಳ್ತಿದ್ರು.”

“ಹೌದಪ್ಪ,” ಎಂದ ತಾತ, ಸೂರು ನೋಡುತ್ತಾ.

ನಾನು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ, ನನ್ನ ಕಾಲು ತೊಳೆದು ಕಟ್ಟಿ, ಡಾಕ್ಟರ ಬಳಿ ಕರೆದುಕೊಂಡು ಹೋಗಿ, ಇದನ್ನೇ ಅವರಿಗೂ ಹೇಳಿ ಎಂದರು. ಆಮೇಲೆ ಆ ಬೇಕರಿಯ ಮೆಟ್ಟಿಲು ಹತ್ತಲಿಲ್ಲ. ಮೂರು ತಿಂಗಳಿಗೆ ಗಾಯ ಮಾಯಿತು. ಶುಗರ್ ಇಳಿಯಿತು, ಡಾಕ್ಟರು ಒಂದು ಮಾತ್ರೆ ಕಡಿಮೆ ಮಾಡಿದರು. ಊಟ ಮಾತ್ರ ರುಚಿಸಲೇ ಇಲ್ಲ, ಇವತ್ತಿಗೂ.

ಹೋದ ವರ್ಷ ಸಿಸ್ಟರ್ ಹೃದಯಾಘಾತದಿಂದ ತೀರಿಕೊಂಡರು. ತಿಥಿಗೆ ಬೇಗೂರಿಗೆ ಹೋದೆ. ಅವರ ಫೋಟೋದ ಎದುರಿಗೇ ಯಾರೋ ಎಲೆಗೆ ಪಾಯಸ ಸುರಿದು, ಅವರ ಹೆಸರಲ್ಲಿ ಒಂಚೂರು ತಿನ್ನಿ ಎಂದರು. ಹೇಸಿ ಎದ್ದು ಹೊರಗೆ ಬಂದೆ.

ಹಿಂದೆಯೇ ಅವರ ಮಗಳು ಬಂದು, ನೀವು ಅಮ್ಮನ ಟೈಲರಣ್ಣನಾ ಎಂದು ಕೇಳಿದಳು. ಹೌದೆಂದೆ.

“ಆ ತಾತನ ಕಾಲು ನಿಮಗೆ ತೋರಿಸಿದ ದಿನ ಅಮ್ಮ ಮನೇಗೆ ಬಂದು ಅತ್ತಿದ್ರು,” ಎಂದಳು. “ಇಬ್ಬರಿಗೂ ಅವಮಾನ ಮಾಡ್ಬಿಟ್ಟೆ, ತಪ್ಪಾಯ್ತು ಅಂತಿದ್ರು.”

ತಪ್ಪಾಗಿರಲಿಲ್ಲಮ್ಮ ಎಂದೆ. ಆ ದಿನದ ಮೇಲೂ ಮೂರು ತಿಂಗಳು ದಿನ ಬಿಟ್ಟು ದಿನ ಅವರೆದುರು ಕೂತಿದ್ದೆ. ಆ ಮಾತನ್ನು ಅವರಿಗೇ ಹೇಳಬಹುದಿತ್ತು.