ಎರಡು ಬಸ್ಸುಗಳು ಸಿಗುವ ಜಾಗ

ನನ್ನ ಪುಳ್ಳಿ ಲೆಕ್ಕದಲ್ಲಿ ಪಾಸಾದಳು! ಐವತ್ತೊಂದು ಮಾರ್ಕು! ಪುಳ್ಳಿ ಎಂದರೆ ನನ್ನ ಮಗಳ ಮಗಳು, ನಮ್ಮ ಕಡೆ ಮೊಮ್ಮಕ್ಕಳನ್ನು ಹಾಗೆ ಹೇಳುವುದು. ನಿನ್ನೆಯಿಂದ ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದೇನೆ. ಡೈರಿಗೆ ಹಾಲು ಕೊಡಲು ಹೋಗುವವರಿಗೆ ಹೇಳಿದೆ, ಲೈನ್‌ಮ್ಯಾನಿಗೆ ಹೇಳಿದೆ. ಗುರುತಿಲ್ಲದವರೊಬ್ಬರು ಬೈಕು ನಿಲ್ಲಿಸಿ ಯಾರದೋ ಮನೆ ಕೇಳಿದರೆ ಅವರಿಗೂ ಮೊದಲು ಇದನ್ನೇ ಹೇಳಿದೆ.

ಆದರೆ ಸುದ್ದಿ ಬಂದ ಗಳಿಗೆಯಲ್ಲಿ ನಾನು ನಂಬಿದೆ ಎಂದಲ್ಲ. ಹುಡುಗಿ ಫೋನು ಹಿಡಿದುಕೊಂಡು ಅಂಗಳಕ್ಕೆ ಓಡಿ ಬಂದು "ಅಜ್ಜಿ, ಪಾಸ್!" ಎಂದಾಗ ನಾನು ಕೇಳಿದ್ದು, "ಯಾರ ನಂಬರು ಹಾಕಿದ್ದಿ?"

"ನನ್ನದೇ ಅಜ್ಜಿ."

"ಪುನಃ ಹಾಕು ನೋಡುವ."

ಪುನಃ ಹಾಕಿದಳು. ಅದೇ ಬಂತು. ಮನೆಯ ಫೋನು ಮನೆಯವರಿಗೆ ಬೇಕಾದ ಹಾಗೆ ಹೇಳಿದರೆ ಎಂದು ಅವಳನ್ನು ಶಿರ್ತಾಡಿ ಪೇಟೆಯ ಜೆರಾಕ್ಸ್ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವರು ನಗಾಡಿದರು. "ಅಜ್ಜಿ, ಸರಕಾರದ ರಿಸಲ್ಟು ಅಂಗಡಿಯಿಂದ ಅಂಗಡಿಗೆ ಬದಲಾಗುದಿಲ್ಲ ಮಾರಾಯ್ರೆ."

ನಗಲಿ. ನಾನು ಮೂರನೇ ಕ್ಲಾಸಿನವರೆಗೆ ಕಲಿತವಳು. ಕಲಿಯದವರಿಗೆ ಯಾರು ಏನು ಬೇಕಾದರೂ ಹೇಳಿ ಕಳಿಸುತ್ತಾರೆ. ಅದಕ್ಕೆ ನನ್ನ ಹತ್ತಿರ ಇರುವ ಒಂದೇ ಮದ್ದು ಸಂಶಯ.

ಹತ್ತನೇ ಕ್ಲಾಸಿನ ಮೊದಲ ಪರೀಕ್ಷೆಯಲ್ಲಿ ಹುಡುಗಿ ಬೇರೆಲ್ಲದರಲ್ಲಿ ಪಾಸಾಗಿ ಲೆಕ್ಕದಲ್ಲಿ ಬಿದ್ದಿದ್ದಳು. ನನ್ನ ಅಳಿಯನಿಗೆ ಪೇಟೆಯಲ್ಲಿ ಕೋಳಿ ಅಂಗಡಿ ಉಂಟು. ಅವನು ಹೆಚ್ಚು ಮಾತಿನವನಲ್ಲ. "ಇನ್ನೊಂದು ಸಲ ಬರೀಲಿ. ಆಗದಿದ್ರೆ ನನ್ನೊಟ್ಟಿಗೆ ಅಂಗಡಿಯಲ್ಲಿ ಕೂರಲಿ" ಎಂದ. ಅಂಗಡಿಯಲ್ಲಿ ಕೂರುವುದು ಕೆಟ್ಟದ್ದಲ್ಲ. ಆದರೆ ಈ ಹುಡುಗಿ ಬುಟ್ಟಿಯೊಳಗಿನ ಕೋಳಿಯ ಕಣ್ಣು ನೋಡಿದರೆ ಊಟ ಬಿಡುವವಳು. ಅಲ್ಲಿ ಕೂರಿಸಿದರೆ ಒಣಗಿಹೋಗುತ್ತಾಳೆ ಎಂದು ನನಗೂ ಮಗಳಿಗೂ ಗೊತ್ತಿತ್ತು. ಎರಡನೇ ಪರೀಕ್ಷೆಗೆ ಉಳಿದದ್ದು ಕೆಲವೇ ವಾರ. ಮಗಳು ಯಾರನ್ನೋ ವಿಚಾರಿಸಿ, ಮೂಡುಬಿದಿರೆಯ ಹತ್ತಿರ ಪುತ್ತಿಗೆಯಲ್ಲಿ ಮನೆಯಲ್ಲೇ ಟ್ಯೂಷನ್ ಕೊಡುವ ಒಬ್ಬ ಟೀಚರಲ್ಲಿಗೆ ಕಳಿಸಿದಳು.

ಮೊದಲ ದಿನ ಬಿಡಲು ನಾನೇ ಹೋದೆ. ಟೀಚರಿಗೆ ಇನ್ನೂ ಮೂವತ್ತಾಗಿರಲಿಕ್ಕಿಲ್ಲ. ಚಾವಡಿಯಲ್ಲಿ ಒಬ್ಬಳು ಹುಡುಗಿ ಕೈವಾರ ಹಿಡಿದು ಕಾಗದದ ಮೇಲೆ ಮದರಂಗಿಯ ಚಿತ್ರ ಬರೆಯುತ್ತಿದ್ದಳು. ವೃತ್ತದ ಪಾಠವಂತೆ! ಇದು ಟ್ಯೂಷನ್ನೋ ಮದುವೆಮನೆಯೋ ಎಂದು ನನಗೆ ಅಲ್ಲಿಯೇ ಸಂಶಯ ಬಂತು. ಟೀಚರು ನನ್ನ ಪುಳ್ಳಿಯ ಹತ್ತಿರ ಪುಸ್ತಕ ಕೇಳಲಿಲ್ಲ. "ನಿನಗೆ ಎಂತ ಇಷ್ಟ?" ಎಂದು ಕೇಳಿದರು. ಇವಳು ತಲೆ ತಗ್ಗಿಸಿ "ಬಸ್ಸು" ಎಂದಳು.

ಅದು ಸತ್ಯ. ಅಡುಗೆಕೋಣೆಯಲ್ಲಿ ಕುಳಿತು ರಸ್ತೆಯ ಹಾರ್ನ್ ಕೇಳಿ, ಯಾವ ಬಸ್ಸು, ಇವತ್ತು ತಡವೋ ಬೇಗವೋ ಎಂದು ಹೇಳುವವಳು. ನಾನು ಅದನ್ನು ಮಕ್ಕಳಾಟ ಎಂದುಕೊಂಡಿದ್ದೆ. ಆದರೆ ಹದಿನಾರು ತುಂಬಿದ ಮೇಲೆ ಬಸ್ಸಿನ ಹುಚ್ಚು ಬರೀ ಬಸ್ಸಿನ ಹುಚ್ಚೇ ಎಂದು ಹೇಗೆ ನಂಬುವುದು? ಬಸ್ಸಿನಲ್ಲಿ ಡ್ರೈವರ್ ಇರುತ್ತಾನೆ, ಕಂಡಕ್ಟರ್ ಇರುತ್ತಾನೆ.

ವಾರ ಕಳೆಯುವುದರೊಳಗೆ ಹುಡುಗಿ ಟ್ಯೂಷನ್ನಿಂದ ನಗುತ್ತಾ ಬರಲು ಶುರು ಮಾಡಿದಳು. ಲೆಕ್ಕ ಕಲಿತು ಬಂದವರ ಮುಖ ಹಾಗಿರುವುದನ್ನು ನಾನು ಎಲ್ಲಿಯೂ ನೋಡಿಲ್ಲ. ಒಂದು ಬೆಳಿಗ್ಗೆ ಬಂಗುಡೆ ತಂದ ಮೀನಿನ ಹೆಂಗಸು ತಕ್ಕಡಿ ಕೆಳಗಿಟ್ಟು ದನಿ ತಗ್ಗಿಸಿದಳು.

"ಅಕ್ಕ, ನಿಮ್ಮ ಪುಳ್ಳಿ ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಯಾರಿಗೆ ಕಾಯುದು?"

"ಯಾಕೆ, ಬಸ್ಸಿಗೆ ಕಾಯುದು."

"ಬಸ್ಸು ಬಂದ್ರೂ ಹತ್ತುದಿಲ್ಲ ಮಾರಾಯ್ತಿ. ಆ ಬೆಳ್ತಂಗಡಿ ಬಸ್ಸಿನ ಕಂಡಕ್ಟರನೊಟ್ಟಿಗೆ ಮಾತಾಡ್ತಾ ನಿಲ್ತಾಳೆ. ನನಗೆಂತ, ಕಂಡದ್ದು ಹೇಳಿದೆ."

ಆ ದಿನ ಬಂಗುಡೆಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ. ಅಳಿಯನ ಕಿವಿಗೆ ಬಿದ್ದರೆ ಟ್ಯೂಷನ್ ಅಂದೇ ನಿಲ್ಲುತ್ತದೆ, ಪರೀಕ್ಷೆಯೂ ಅಲ್ಲಿಗೆ ಮುಗಿಯಿತು. ಹೇಳದೆ ಕುಳಿತು ನಾಳೆ ಹೆಚ್ಚುಕಮ್ಮಿ ಆದರೆ ನನ್ನ ತಲೆಗೆ. ಮೊದಲು ನನ್ನ ಕಣ್ಣಿನಿಂದ ನೋಡಬೇಕು, ಸಂಜೆ ಅಳಿಯನಿಗೆ ಹೇಳುವುದೋ ಬಿಡುವುದೋ ಆಮೇಲೆ ಎಂದು ತೀರ್ಮಾನಿಸಿ ಹುಡುಗಿ ಹತ್ತಿದ ಬಸ್ಸಿನ ಹಿಂದೆಯೇ ಬಂದ ಬಸ್ಸಿನಲ್ಲಿ ಹೊರಟೆ.

ಮೀನಿನವಳು ಹೇಳಿದ್ದು ಸುಳ್ಳಲ್ಲ. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಇವಳು ನಿಂತಿದ್ದಳು. ಎದುರು ಒಬ್ಬ ಕಂಡಕ್ಟರ್, ಕೈ ತಿರುಗಿಸಿ ಗಡಿಯಾರ ತೋರಿಸುತ್ತಿದ್ದ. ಇವಳು ಏನೋ ಹೇಳಿದಳು, ಅವನು ನಗಾಡಿದ. ನಾನು ಸೀದಾ ಹೋಗಿ ಅವಳ ರಟ್ಟೆ ಹಿಡಿದೆ.

"ಇದಾ ನಿನ್ನ ಟ್ಯೂಷನ್?"

"ಹೌದಜ್ಜಿ" ಎಂದು ಉತ್ತರ ಬಂದದ್ದು ಹಿಂದಿನಿಂದ. ಬೆಂಚಿನ ಮೇಲೆ ಟೀಚರು ಕುಳಿತಿದ್ದರು, ಕೈಯಲ್ಲಿ ಗೋಳಿಬಜೆಯ ಪೊಟ್ಟಣ. "ಬನ್ನಿ, ಕೂತ್ಕೊಳ್ಳಿ. ಬಿಸಿ ಉಂಟು."

ನಾನು ಕುಳಿತುಕೊಳ್ಳಲಿಲ್ಲ. ಟೀಚರೂ ಇದ್ದಾರೆಂದರೆ ಸಂಶಯ ಹೋಯಿತು ಎಂದಲ್ಲ, ಸಂಶಯಕ್ಕೆ ಇನ್ನೊಬ್ಬರು ಸೇರಿದರು ಅಷ್ಟೆ. ಕಂಡಕ್ಟರ್ ಬ್ಯಾಗು ಸರಿಮಾಡಿಕೊಂಡು "ಅಜ್ಜಿ, ನನಗೆ ಮದುವೆ ಆಗಿ ಎರಡು ಮಕ್ಕಳುಂಟು" ಎಂದ.

"ಎರಡು ಮಕ್ಕಳಿರುವವರು ಮಾಡದ್ದು ಎಂತ ಉಂಟು?" ಎಂದೆ.

ಟೀಚರು ಬೇಜಾರು ಮಾಡಲಿಲ್ಲ. "ಅಜ್ಜಿ, ಎರಡು ಗೆರೆ ಎಲ್ಲಿ ಸೇರ್ತದೆ ಅಂತ ಕೇಳಿದ್ರೆ ಇವಳು ಅಳ್ತಾಳೆ. ಎರಡು ಬಸ್ಸು ಎಲ್ಲಿ ಸಿಗ್ತದೆ ಅಂತ ಕೇಳಿದ್ರೆ ಹೇಳ್ತಾಳೆ. ಎರಡೂ ಒಂದೇ ಲೆಕ್ಕ. ಇವತ್ತು ನಾವು ಬೆಳ್ತಂಗಡಿಗೆ ಹೋಗಿ ಬರುವ ಅಂತ ಇದ್ದೇವೆ. ನೀವೂ ಬನ್ನಿ."

ಅದೇ ಕಂಡಕ್ಟರನ ಬಸ್ಸು ಹತ್ತಿದೆವು. ಹೊರಡುವ ಮೊದಲೇ ಹುಡುಗಿ ಕಾಗದದಲ್ಲಿ ಗೀಚಿ ಹೇಳಿದಳು: ಬೆಳ್ತಂಗಡಿಯಿಂದ ಬರುವ ಬಸ್ಸು ವೇಣೂರಿನ ಸೇತುವೆಗೆ ಸ್ವಲ್ಪ ಮೊದಲು ಎದುರಾಗುತ್ತದೆ. ನಾನು ಕಿಟಕಿಯ ಕಂಬಿ ಹಿಡಿದು ನೋಡುತ್ತಾ ಕುಳಿತೆ. ಸೇತುವೆ ಕಾಣಿಸಿತು, ಅದರ ಈಚೆ ಬದಿಯಲ್ಲಿ ಆ ಬಸ್ಸು ಭರ್ರನೆ ನಮ್ಮನ್ನು ಹಾದುಹೋಯಿತು. ಟೀಚರು ನನ್ನ ಮುಖ ನೋಡಿದರು. ನಾನು ಕಂಡಕ್ಟರನ ಮುಖ ನೋಡಿದೆ. ದಾರಿಯಲ್ಲಿ ಅವನು ಫೋನಿನಲ್ಲಿ ಮಾತಾಡಿದ್ದನ್ನು ನಾನು ಕಂಡಿದ್ದೆ. ಆಚೆ ಬಸ್ಸಿನವನಿಗೆ 'ಸ್ವಲ್ಪ ಮೆಲ್ಲ ಬಾ' ಎಂದು ಹೇಳಲು ಎಷ್ಟು ಹೊತ್ತು ಬೇಕು?

ಬೆಳ್ತಂಗಡಿಯಲ್ಲಿ ಇಳಿದ ಮೇಲೆ ಹೇಳಿದೆ, "ವಾಪಸು ಹೋಗುವ ಬಸ್ಸು ನಾನು ಹೇಳ್ತೇನೆ."

"ಆಗಲಿ ಅಜ್ಜಿ" ಎಂದು ಟೀಚರು ನಕ್ಕರು.

ಎರಡು ಬಸ್ಸು ಬಿಟ್ಟು, ಹುಡುಗಿಗೆ ಗುರುತಿಲ್ಲದ ಕಂಡಕ್ಟರ್ ಇರುವ ಬಸ್ಸು ಹತ್ತಿಸಿದೆ. ಈ ಸಲ ಅವಳು ಹೇಳಿದ್ದು, ಗುರುವಾಯನಕೆರೆ ದಾಟಿ ಒಂದಷ್ಟು ದೂರ ಹೋದಾಗ ಒಂದು ಬಸ್ಸು, ಆಮೇಲೆ ವೇಣೂರು ಪೇಟೆಯಲ್ಲಿ ಇನ್ನೊಂದು. ಆದರೆ ಗುರುವಾಯನಕೆರೆಯಲ್ಲಿ ಮದುವೆಯ ಸಾಮಾನು ಹತ್ತಿಸುವವರು ಸಿಕ್ಕಿದರು. ಪಾತ್ರೆ, ಬಾಳೆಗೊನೆ, ಮೇಲೊಬ್ಬ, ಕೆಳಗೊಬ್ಬ, ಬೊಬ್ಬೆ. ನಾವು ನಿಂತಲ್ಲೇ ಇದ್ದಾಗ ಎದುರಿನ ಬಸ್ಸು ಬಂದು ದಾಟಿತು.

ಹುಡುಗಿಯ ಮುಖ ಸಪ್ಪೆಯಾಯಿತು. "ತಪ್ಪಿತು."

"ಹಾಗಾದ್ರೆ ಮುಂದಿನದ್ದು?" ಎಂದರು ಟೀಚರು.

ಹುಡುಗಿ ಎದುರಿನ ಸೀಟಿನ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆದಳು, ಅಳಿಸಿದಳು, ಮತ್ತೆ ಎಳೆದಳು. ತುಟಿ ಅಲ್ಲಾಡುತ್ತಿತ್ತು. ಕೊನೆಗೆ, "ಪೇಟೆಯವರೆಗೆ ಹೋಗ್ಲಿಕ್ಕಿಲ್ಲ. ನಾವು ತಡ ಅಲ್ವಾ, ಅದು ಇನ್ನೂ ಈಚೆಗೆ ಬಂದಿರ್ತದೆ. ಪೇಟೆಗೆ ಮೊದಲು, ಆ ತಿರುವಿನಲ್ಲಿ" ಎಂದಳು. ಸ್ವಲ್ಪ ಹೊತ್ತಿನಲ್ಲಿ ತಿರುವು ಬಂತು, ಬಸ್ಸೂ ಬಂತು. ಈ ಕಂಡಕ್ಟರ್ ಮೂಲೆಯಲ್ಲಿ ಕುಳಿತು ತೂಕಡಿಸುತ್ತಿದ್ದ.

ಅಲ್ಲಿ ನನ್ನ ಎದೆ ಹಗುರವಾಯಿತು. ಸರಿ ಹೇಳಿದ್ದಕ್ಕಲ್ಲ, ತಪ್ಪು ಹೇಳಿದ್ದಕ್ಕೆ. ಮೋಸದ ಆಟ ಕಟ್ಟಿದವರಿಗೆ ಯಾವಾಗಲೂ ಸರಿಯಾಗುತ್ತದೆ. ತಪ್ಪಿ, ಸಪ್ಪೆಯಾಗಿ, ಪುನಃ ಕೂತು ಸರಿಮಾಡಿಕೊಳ್ಳುವ ತಾಪತ್ರಯ ಅವರಿಗೆ ಯಾಕೆ? ಸಂಜೆ ಅಳಿಯ ಮನೆಗೆ ಬಂದಾಗ ನಾನು ಬಾಯಿ ತೆರೆಯಲಿಲ್ಲ.

ಹಾಗೆಂದು ಕಣ್ಣು ಮುಚ್ಚಲಿಲ್ಲ. ಕಂಡಕ್ಟರನ ಹೆಂಡತಿಯ ಮನೆ ಬಂಟ್ವಾಳದ ಕಡೆ ಎಂದು ಗೊತ್ತಾಗಿ, ಅಲ್ಲಿರುವ ನನ್ನ ತಂಗಿಗೆ ಫೋನು ಮಾಡಿ ವಿಚಾರಿಸಿದೆ. ಎರಡು ಮಕ್ಕಳಿರುವುದು ಹೌದು. ಪರೀಕ್ಷೆ ಹತ್ತಿರ ಬಂದಂತೆ ಟೀಚರು ಬಸ್ಸು ಅಳಿಸಿ ಅಕ್ಷರ ಹಾಕಲು ಹೇಳಿದರು. ಹುಡುಗಿ ಬಟ್ಟೆ ಒಣಗಿಸುತ್ತಾ ತನ್ನಷ್ಟಕ್ಕೆ "ಎಕ್ಸ್ ಅಂದ್ರೆ ಬೆಳ್ತಂಗಡಿಯಿಂದ ಬರುದು, ವೈ ಅಂದ್ರೆ ಇಲ್ಲಿಂದ ಹೋಗುದು" ಎಂದು ಗುಣುಗುಟ್ಟುತ್ತಿದ್ದಳು. ಈ ಎಕ್ಸ್, ವೈ ಯಾರು ಎಂದು ಒಂದು ಸಲ ಕೇಳಿಯೂ ಬಿಟ್ಟೆ.

ಈಗ ಕೇಳಿ, ಐವತ್ತೊಂದು!

ನಿನ್ನೆ ಅಳಿಯ ಕತ್ತಲಾಗುವ ಮೊದಲೇ ಅಂಗಡಿಯ ಬಾಗಿಲು ಹಾಕಿ ಊರಿನ ಕೋಳಿಯ ಮಾಂಸ ತಂದ. ಕೋಳಿಯ ಕಣ್ಣು ಹುಡುಗಿಗೆ ಕಾಣದ ಹಾಗೆ ತುಂಡು ಮಾಡಿ ತಂದಿದ್ದ. ಮಗಳು ಕಾಯಿಹಾಲು ಹಾಕಿ ಗಸಿ ಮಾಡಿದಳು, ಗರಿಗರಿ ಅಕ್ಕಿರೊಟ್ಟಿಯ ಕಟ್ಟು ಒಡೆದಳು. ನಾಲ್ವರೂ ಒಟ್ಟಿಗೆ ನೆಲಕ್ಕೆ ಕುಳಿತೆವು. ಅಳಿಯ ತನ್ನ ಬಟ್ಟಲು ಮುಟ್ಟುವ ಮೊದಲು ಹುಡುಗಿಯ ಬಟ್ಟಲಿಗೆ ರೊಟ್ಟಿ ಮುರಿದು ಹಾಕಿ, "ನಾಳೆ ಮಧ್ಯಾಹ್ನದವರೆಗೆ ಅಂಗಡಿ ಬಂದ್. ಕಾಲೇಜಿಗೆ ಹೋಗಿ ಕೇಳಿ ಬರುವ" ಎಂದ.

"ಎಂತ ತಗೊಳ್ತಿ?" ಎಂದು ನನ್ನ ಮಗಳು ಕೇಳಿದಳು.

"ಲೆಕ್ಕ ಇರುವ ಯಾವುದಾದ್ರೂ" ಎಂದಳು ಹುಡುಗಿ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು.

ಮಗಳ ಕೈಯಲ್ಲಿ ಸೌಟು ಹಾಗೆಯೇ ನಿಂತಿತು. ನಾನು ಹುಡುಗಿಯ ಮುಖವನ್ನು ಚೆನ್ನಾಗಿ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. "ಗಸಿ ಹಾಕು, ಆರಿ ಹೋಗ್ತದೆ" ಎಂದು ಮಗಳಿಗೆ ಹೇಳಿದೆ. ಅವಳು ಎಲ್ಲರ ಬಟ್ಟಲಿಗೂ ಬಿಸಿ ಬಿಸಿ ಸುರಿದಳು. ನಾನು ಹಲ್ಲಿಲ್ಲದ ಬದಿಗೆ ರೊಟ್ಟಿ ನೆನೆಸಿ ನೆನೆಸಿ, ಎಲ್ಲರಿಗಿಂತ ಹೆಚ್ಚು ತಿಂದೆ.