ಒಂದೇ ಎಲೆಯ ಊಟ

ಹಸಿ ಮಣ್ಣಿನ ಮಡಕೆಗೆ ಮೊದಲ ಬಿಸಿ ತಾಗಿದಾಗ ಏಳುವ ವಾಸನೆ ಮಳೆ ಬಿದ್ದ ನೆಲದ ವಾಸನೆಯಲ್ಲ. ಅದರಲ್ಲಿ ಕೆಸರಿದೆ, ಹೊಗೆಯಿದೆ, ಒಲೆಯ ಮೇಲೆ ಮರೆತ ಹಾಲಿನಂಥದ್ದೂ ಏನೋ ಇದೆ. ನಾನೀಗ ಇರುವ ಜಪಾನಿನ ನೋಮಿಯಲ್ಲಿ ಪಿಂಗಾಣಿ ಮಾಡುವ ಮನೆತನಗಳು ಬೇಕಾದಷ್ಟಿವೆ, ಆದರೆ ಪಾತ್ರೆ ಸುಡಲು ಹೆಚ್ಚಿನವರು ಕರೆಂಟಿನ ಗೂಡಿಗೆ ಬಂದುಬಿಟ್ಟಿದ್ದಾರೆ; ಗುಂಡಿ ಒತ್ತುತ್ತಾರೆ, ವಾಸನೆ ಗೋಡೆ ದಾಟುವುದಿಲ್ಲ. ಯೂನಿವರ್ಸಿಟಿ ಬಸ್ಸು ನಿಲ್ಲುವ ಗುಡ್ಡದ ಬುಡದಲ್ಲಿ ಒಬ್ಬ ಅಜ್ಜ ಮಾತ್ರ ಹಠಕ್ಕೆ ಬಿದ್ದವರಂತೆ ಇನ್ನೂ ಸೌದೆ ಉರಿಸುತ್ತಾರೆ. ಈ ವರ್ಷ ಹಿಮ ಕರಗಿದ ಮೇಲೆ ಅವರು ಗೂಡು ಹಚ್ಚಿದ ದಿನ ನಾನು ಬಂದ ಬಸ್ಸನ್ನು ಹತ್ತದೆ ಅಲ್ಲೇ ನಿಂತುಬಿಟ್ಟೆ. ಸೆರಾಮಿಕ್ಸ್ ಲ್ಯಾಬಿನಲ್ಲಿ ಕೆಲಸ ಮಾಡುವವಳು ನಾನು. ಮಣ್ಣಿನೊಳಗಿನ ನೀರು ಎಷ್ಟು ಬಿಸಿಗೆ ಹೊರಟುಹೋಗುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇನೆ. ಆ ಪಾಠ ಆ ಹೊತ್ತಿಗೆ ಯಾವ ಉಪಯೋಗಕ್ಕೂ ಬರಲಿಲ್ಲ. ಎಂಟು ವರ್ಷದವಳಾಗಿ ಪ್ಲೆರೆಡ್‌ನ ಅಂಗಳದಲ್ಲಿ ನಿಂತಿದ್ದೆ, ಕಣ್ಣಿಗೆ ಹೊಗೆ ಹೋಗಿತ್ತು, ಸುಖವಾಗಿತ್ತು. ಆ ವಾಸನೆ ನನಗೆ ಸುಖ ಕೊಟ್ಟದ್ದು ಅದೇ ಕೊನೆ.

ಪ್ಲೆರೆಡ್ ಇರುವುದು ಇಂಡೋನೇಷ್ಯಾದಲ್ಲಿ, ಜಾವಾ ದ್ವೀಪದ ಪಶ್ಚಿಮಕ್ಕೆ, ಪುರ್ವಾಕರ್ತಾ ಎಂಬ ಜಿಲ್ಲೆಯಲ್ಲಿ. ಹೆಸರು ಕೇಳಿ ನಮ್ಮ ಮೈಸೂರಿನ ಅಜ್ಜಿ, ಅದು ಯಾವುದೋ ಪುಣ್ಯಕ್ಷೇತ್ರವೇ ಇರಬೇಕೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದರಂತೆ. ಅಪ್ಪ ಅಲ್ಲಿ ಭಾರತದವರೇ ನಡೆಸುತ್ತಿದ್ದ ಒಂದು ನೂಲಿನ ಗಿರಣಿಯಲ್ಲಿ ಸೂಪರ್‌ವೈಸರ್ ಆಗಿದ್ದರು. ಗಿರಣಿಯ ಕಾಲೊನಿಯಲ್ಲಿ ಮನೆ ಖಾಲಿ ಇರಲಿಲ್ಲವಾಗಿ ಕುಂಬಾರರ ಕೇರಿಯಲ್ಲಿ ಬಾಡಿಗೆಗೆ ಇಳಿದೆವು. ಮನೆಯ ಯಜಮಾನರನ್ನು ಎಲ್ಲರ ಹಾಗೆ ನಾವೂ ಅಬಾ ಎನ್ನುತ್ತಿದ್ದೆವು, ಅಂದರೆ ಅಪ್ಪ. ಅವರ ಹೆಂಡತಿ ಎಮಾ, ಅಂದರೆ ಅಮ್ಮ. ಎರಡು ಮನೆಗೂ ಒಂದೇ ಅಂಗಳ. ಅಂಗಳದಾಚೆ ಮಡಕೆ ಸುಡುವ ದೊಡ್ಡ ಇಟ್ಟಿಗೆಯ ಗೂಡು, ಅದಕ್ಕೆ ಅವರು ಲಿಯೊ ಎನ್ನುತ್ತಿದ್ದರು. ಅದರ ಹಿಂದೆ ಮಣ್ಣು ತೆಗೆಯುವ ಗದ್ದೆ. ಮಣ್ಣು ತೆಗೆದು ತಗ್ಗಾದ ಕಡೆ ಮಳೆನೀರು ನಿಂತು, ಮುಂದಿನ ವರ್ಷ ಅಲ್ಲೇ ಭತ್ತ ಬೆಳೆಯುತ್ತಿತ್ತು. ಉಂಡದ್ದೂ ಅದೇ ಗದ್ದೆ, ಉಣ್ಣುವ ಪಾತ್ರೆಯೂ ಅದೇ ಗದ್ದೆ ಎಂದು ಅಬಾ ನಗುತ್ತಿದ್ದರು. ನಗುವಾಗ ಅವರ ಬಾಯಿಂದ ಲವಂಗದ ಸಿಗರೇಟಿನ ವಾಸನೆ ಬರುತ್ತಿತ್ತು.

ಎಮಾ ಆ ಕೇರಿಯಲ್ಲಿ ಹುಟ್ಟಿದವಳಲ್ಲ. ಜತಿಲುಹುರ್ ಅಣೆಕಟ್ಟು ಕಟ್ಟಿದಾಗ ಅವಳ ಊರು ನೀರಿನಡಿಗೆ ಹೋಗಿತ್ತು. ಚಿಕ್ಕ ಹುಡುಗಿ, ತಾಯಿಯ ಕೈ ಹಿಡಿದು ನಡೆದುಬಂದಿದ್ದಳು. ಬರುವಾಗ ಅವಳ ತಾಯಿ ಮನೆಯ ಒಲೆಯ ಮಣ್ಣನ್ನು ಒಡೆದು ಸೆರಗಿನಲ್ಲಿ ಕಟ್ಟಿ ತಂದಿದ್ದಳಂತೆ. ಅದನ್ನು ಅಬಾ ಮನೆತನದವರು ಲಿಯೊದ ಬಾಯಿಯ ಇಟ್ಟಿಗೆಗೆ ಕಲಸಿದ್ದರು, ಬಂದ ಸೊಸೆಗೆ ಕೊಟ್ಟ ಮರ್ಯಾದೆ ಅದು. ಭಾನುವಾರ ಅಪ್ಪ ನಮ್ಮನ್ನು ಸ್ಕೂಟರಿನಲ್ಲಿ ಜಲಾಶಯ ನೋಡಲು ಕರೆದುಕೊಂಡು ಹೋದರೆ, ಹೊರಡುವ ಮುಂಚೆ ಎಮಾ ನನ್ನ ಜಡೆ ಕಟ್ಟುತ್ತಾ ‘ನಮ್ಮ ಮನೆ ಕಂಡರೆ ಚೆನ್ನಾಗಿದೀರಾ ಅಂತ ಕೇಳು’ ಎನ್ನುತ್ತಿದ್ದಳು. ನಾನು ನಿಜವಾಗಿ ನೀರಿಗೆ ಬಗ್ಗಿ ಕೇಳಿ ಬರುತ್ತಿದ್ದೆ. ಅಮ್ಮನಿಗೆ ಅವಳು ಸಾರಿಗೆಂದೇ ಒಂದು ಮಡಕೆ ಮಾಡಿಕೊಟ್ಟಿದ್ದಳು. ಅಮ್ಮ ಅದರಲ್ಲಿ ಅವರ ಹುಣಸೆಹಣ್ಣು, ನಮ್ಮ ಸಾರಿನ ಪುಡಿ ಹಾಕಿ ಕುದಿಸಿದರೆ ಕುಂಬಾರ ಕೇರಿಯ ಹೆಂಗಸರು ಬೇಲಿಯ ಹತ್ತಿರ ಬಂದು ಮೂಗರಳಿಸುತ್ತಿದ್ದರು. ಆಮೇಲೆ ಬಟ್ಟಲು ತರುತ್ತಿದ್ದರು. ಅಮ್ಮ ಬಯ್ಯುವವಳಂತೆ ನಟಿಸಿ ಎಲ್ಲರಿಗೂ ಬಡಿಸುತ್ತಿದ್ದಳು.

ಅವರಲ್ಲಿ ಒಂದು ಪದ್ಧತಿಯಿತ್ತು. ಲಿಯೊದಿಂದ ಮಡಕೆ ಇಳಿಸಿದ ದಿನ ತೆಂಗಿನ ಹಾಲು ಹಾಕಿ ದೊಡ್ಡ ಪಾತ್ರೆಯಲ್ಲಿ ಅನ್ನ ಮಾಡಿ, ಅಂಗಳದುದ್ದಕ್ಕೂ ಬಾಳೆ ಎಲೆಗಳನ್ನು ಜೋಡಿಸಿ, ಅದರ ಮೇಲೆ ಅನ್ನವನ್ನು ಉದ್ದಕ್ಕೆ ಸುರಿದು, ಎರಡೂ ಕಡೆ ಕೂತು ಎಲ್ಲರೂ ಅದೇ ಎಲೆಯಿಂದ ಕೈಹಾಕಿ ತಿನ್ನುವುದು. ಯಾರಿಗೂ ಬೇರೆ ತಟ್ಟೆಯಿಲ್ಲ. ನಾವು ಮಾಂಸ ಮೀನು ಮುಟ್ಟುವುದಿಲ್ಲವೆಂದು ಎಮಾ ಒಂದು ತುದಿಗೆ ಬರೀ ತೋಫು, ಸೋಯಾಕಾಳು ಹುದುಗಿಸಿ ಕರಿದ ಟೆಂಪೆ, ಹಸಿ ತರಕಾರಿ ಇಡುತ್ತಿದ್ದಳು. ಅಮ್ಮ ಮೊದಮೊದಲು ಹಿಂಜರಿದು ಆಮೇಲೆ ನನ್ನ ಜೊತೆ ಕೂತಳು. ಅಪ್ಪ ಮಾತ್ರ ಕೂರಲಿಲ್ಲ. ಎಲ್ಲರ ಕೈಯೂ ಬಿದ್ದ ಅನ್ನ ಎಂಜಲು ಎಂಬುದು ಅವರ ಮೈಯಲ್ಲಿ ಇಳಿದುಹೋಗಿದ್ದ ಮಾತು. ಹೊಟ್ಟೆ ಸರಿಯಿಲ್ಲ, ಗಿರಣಿಯಲ್ಲಿ ಕೆಲಸವಿದೆ, ಇವತ್ತು ಏಕಾದಶಿ, ಹೀಗೆ ಏನಾದರೂ ಹೇಳಿ ಒಳಗೆ ಹೋಗಿ, ಸ್ಟೀಲು ತಟ್ಟೆಯ ಸುತ್ತ ನೀರು ಕಟ್ಟಿ ಒಬ್ಬರೇ ಉಣ್ಣುತ್ತಿದ್ದರು. ಕೇರಿಯವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಆದರೆ ಪ್ರತಿ ಸಲವೂ ಅಬಾ ತಮ್ಮ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟುಕೊಂಡು ಕೂರುತ್ತಿದ್ದರು. ನನಗೆ ಅದನ್ನು ನೋಡಿದರೆ ಅಪ್ಪನ ಮೇಲೆ ಸಿಟ್ಟು ಬರುತ್ತಿತ್ತು.

ನಾವು ಅಲ್ಲಿದ್ದ ಕೊನೆಯ ವರ್ಷ ಗಿರಣಿಗೆ ಹೊಸ ಗೋದಾಮು ಬೇಕಾಯಿತು. ಹೆದ್ದಾರಿ ಬರುತ್ತಿತ್ತು, ಸುತ್ತ ಕಾರ್ಖಾನೆಗಳು ಏಳುತ್ತಿದ್ದವು, ಕೇರಿಯ ಗದ್ದೆ ರಸ್ತೆಗೆ ಹತ್ತಿರವಿತ್ತು. ಅವರ ಸುಂದಾ ಭಾಷೆ ಚೆನ್ನಾಗಿ ಬರುತ್ತಿದ್ದದ್ದು ಗಿರಣಿಯ ನಮ್ಮವರಲ್ಲಿ ಅಪ್ಪನಿಗೊಬ್ಬರಿಗೇ. ಮಾತಾಡಲು ಅವರನ್ನೇ ಕಳಿಸಿದರು. ಮಣ್ಣಿನ ಗದ್ದೆಯ ಮುಂಭಾಗ ಮಾತ್ರ ಹೋಗುತ್ತದೆ, ಲಿಯೊ ಮತ್ತು ಮನೆಗಳನ್ನು ಯಾರೂ ಮುಟ್ಟುವುದಿಲ್ಲ ಎಂದು ಅಪ್ಪ ಹೇಳಿದರು. ಕೇರಿಯವರು ತಲೆದೂಗಿದರು, ಒಪ್ಪಲಿಲ್ಲ. ಎಮಾ ಒಮ್ಮೆ ನೀರಿಗೆ ಮನೆ ಕೊಟ್ಟವಳು. ಅವಳಂತೂ ಅಪ್ಪ ಬಂದರೆ ತಿಗರಿಯ ಮುಂದಿನಿಂದ ಏಳುತ್ತಲೇ ಇರಲಿಲ್ಲ. ವಾರಗಟ್ಟಲೆ ಹೀಗೇ ನಡೆಯಿತು.

ಆಮೇಲೆ ಮಡಕೆ ಇಳಿಸಿದ ಒಂದು ದಿನ ಬಂತು. ಅಂಗಳದಲ್ಲಿ ಎಲೆ ಹಾಸಿದ್ದರು, ಬಿಸಿ ಅನ್ನದ ಹಬೆಯೊಂದಿಗೆ ಬಾಳೆ ಎಲೆ ಬಾಡುವ ವಾಸನೆ ಬರುತ್ತಿತ್ತು. ಅಪ್ಪ ಒಳಗಿನಿಂದ ಬಂದರು, ಚಪ್ಪಲಿ ಬಿಟ್ಟರು, ನಮ್ಮ ತುದಿಗೂ ಬಾರದೆ ನೇರವಾಗಿ ಹೋಗಿ ಅಬಾ ಬಿಟ್ಟಿದ್ದ ಜಾಗದಲ್ಲಿ ಕಾಲು ಮಡಚಿ ಕೂತರು. ಅಬಾ ತಿನ್ನುತ್ತಿದ್ದ ಅನ್ನದ ಪಕ್ಕಕ್ಕೇ ಕೈಹಾಕಿ ತುತ್ತು ಎತ್ತಿದರು. ಅಬಾ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ಎಮಾ ಎದ್ದು ಬಂದು ಅಪ್ಪನ ಮುಂದೆ ಟೆಂಪೆ ಇಟ್ಟಳು. ಅಮ್ಮ ನನ್ನ ಕಿವಿಯಲ್ಲಿ ‘ನೋಡೇ, ನಿಮ್ಮಪ್ಪ ಇವತ್ತು ಈ ಊರಿನವರಾದ್ರು’ ಎಂದಳು. ಆ ಸಂಜೆ ಅಪ್ಪ ಬಹಳ ಹೊತ್ತು ತಲೆಗೆ ನೀರು ಹಾಕಿಕೊಂಡರು. ಸೆಕೆಗೆ ಇರಬೇಕು ಎಂದುಕೊಂಡೆ. ಅದರ ಮಾರನೆಯ ವಾರವೇ ಕೇರಿಯವರು ಒಪ್ಪಿದರು. ನಾವು ಸ್ಕೂಲು ಮುಗಿಯುತ್ತಲೇ ಮೈಸೂರಿಗೆ ಹೊರಟೆವು. ಅಪ್ಪನಿಗೆ ಅದೇ ಕಂಪನಿಯಲ್ಲಿ ಬಡ್ತಿಯಾಗಿತ್ತು.

ನಿಮಗೂ ಇಂಥ ಒಂದು ದಿನ ಇದ್ದೀತು, ಮನೆಯವರ ಬಗ್ಗೆ ಎಷ್ಟೇ ಬೇಸರವಾದರೂ ತೆಗೆದು ನೋಡಿ ಸಮಾಧಾನ ಮಾಡಿಕೊಳ್ಳುವಂಥ ದಿನ. ನನಗೆ ಅದು ಆ ಊಟವಾಗಿತ್ತು. ಅಪ್ಪ ನನ್ನ ಮದುವೆಗೆ ವರ್ಷಗಟ್ಟಲೆ ಅಡ್ಡ ನಿಂತಾಗಲೂ, ಎಮಾಳ ಎಲೆಯ ಮುಂದೆ ಕೂತ ಮನುಷ್ಯ ಕೊನೆಗೆ ಬಗ್ಗಿಯೇ ಬಗ್ಗುತ್ತಾರೆ ಎಂದು ಕಾದಿದ್ದೆ. ಬಗ್ಗಿದರು ಕೂಡ. ಪ್ಲೆರೆಡ್‌ಗೆ ಹೋಗಿಬರೋಣ ಎಂದಾಗಲೆಲ್ಲ ಮಾತ್ರ ಒಂದೇ ಉತ್ತರ ಬರುತ್ತಿತ್ತು: ‘ಅವ್ರು ಲಿಯೊ ಮಾರಿ ಮಗನ ಊರಿಗೆ ಹೋದ್ರಂತೆ ಕಣೇ. ಆರಾಮಾಗಿದಾರೆ. ಅಲ್ಲೇನಿದೆ ಈಗ?’ ಅಮ್ಮ ತೀರಿಕೊಂಡ ಮೇಲೆ ನಾನೂ ಕೇಳುವುದನ್ನು ಬಿಟ್ಟೆ.

ನಮ್ಮ ಲ್ಯಾಬಿಗೆ ರೀನಿ ಬಂದದ್ದು ಹೋದ ವರ್ಷ. ಪಿಎಚ್‌ಡಿ ಹುಡುಗಿ, ಪುರ್ವಾಕರ್ತಾದವಳೇ. ಇತರರ ಮುಂದೆ ನನ್ನನ್ನು ಸುಮಾ ಸಾನ್ ಎನ್ನುತ್ತಾಳೆ, ಕೊಂಬಿನಿ ಅಂಗಡಿಯಲ್ಲಿ ಇಬ್ಬರೇ ಕಾಫಿ ಹಿಡಿದು ನಿಂತರೆ ಅಕ್ಕ ಎನ್ನುತ್ತಾಳೆ. ಜಿಲ್ಲೆ ಈಗ ಗುರುತೇ ಸಿಗದಂತಾಗಿದೆ, ಕೆರೆಯಲ್ಲಿ ಹಾಡಿಗೆ ಕುಣಿಯುವ ಕಾರಂಜಿ, ಊರ ಪಕ್ಕದಲ್ಲೇ ಹಾದುಹೋಗುವ ವೇಗದ ರೈಲು ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಈ ಸಲ ಅವಳು ಹಬ್ಬಕ್ಕೆ ಊರಿಗೆ ಹೊರಟಾಗ, ಎಮಾ ಬದುಕಿದ್ದರೆ ಅವಳ ಮಗನ ಊರು ಯಾವುದೆಂದು ಕೇಳಿ ಬಾ ಎಂದೆ. ಒಂದು ಸಲ ಆ ಕೈಯಿಂದ ಜಡೆ ಹೆಣೆಸಿಕೊಂಡು ಬರಬೇಕೆಂಬ ಆಸೆ, ನಗಬೇಡಿ.

ಭಾನುವಾರ ಮಧ್ಯಾಹ್ನ ರೀನಿ ವಿಡಿಯೋ ಕಾಲ್ ಮಾಡಿದಳು. ಎಮಾ ಎಲ್ಲಿಗೂ ಹೋಗಿರಲಿಲ್ಲ. ಪ್ಲೆರೆಡ್‌ನ ಇನ್ನೊಂದು ತುದಿಯ ಬಾಡಿಗೆ ವಠಾರದಲ್ಲಿ ಮಗಳ ಜೊತೆ ಇದ್ದಳು. ಮುಖ ಚಿಕ್ಕದಾಗಿತ್ತು, ದನಿ ಹಾಗೇ ಇತ್ತು. ಮೊದಲು ನನ್ನ ಕೂದಲು ಯಾಕೆ ಇಷ್ಟು ಗಿಡ್ಡ ಎಂದು ಬೈದಳು. ನನ್ನ ಹರಕು ಮುರುಕು ಸುಂದಾ ಸಾಲದಾದ ಕಡೆ ರೀನಿ ಬಿಡಿಸಿ ಹೇಳಿದಳು. ನಾವು ಹೊರಟ ಮೇಲೆ, ಮಳೆಗಾಲಕ್ಕೆ ಮುಂಚೆಯೇ ಯಂತ್ರ ಬಂತಂತೆ. ಮೊದಲು ಗದ್ದೆ, ಆಮೇಲೆ ಲಿಯೊ, ಆಮೇಲೆ ಮನೆಗಳು. ಒಲೆಯ ಮಣ್ಣು ಕಲಸಿದ್ದ ಇಟ್ಟಿಗೆಗಳನ್ನು ಆರಿಸಿಕೊಳ್ಳಲೂ ಬಿಡಲಿಲ್ಲವಂತೆ. ಅಬಾ ಅಡ್ಡ ನಿಂತು, ಲಿಯೊ ಉಳಿಯುತ್ತದೆ ಎಂದು ಪಾ ಮೂರ್ತಿ ಹೇಳಿದ್ದಾರೆ, ಅವರಿಗೆ ಸುದ್ದಿ ಮುಟ್ಟಿಸಿ, ಅವರು ಬರುತ್ತಾರೆ ಎನ್ನುತ್ತಲೇ ಇದ್ದರಂತೆ. ಪಾ ಮೂರ್ತಿ ಎಂದರೆ ನನ್ನ ಅಪ್ಪ. ಅಬಾ ಸಾಯುವವರೆಗೂ ಹಾಗೇ ಅಂದರಂತೆ.

‘ಬೇರೆ ಯಾರಾದರೂ ಆಗಿದ್ದರೆ ನಾವು ಒಪ್ಪುತ್ತಿರಲಿಲ್ಲ ಮಗಳೇ’ ಎಂದಳು ಎಮಾ. ‘ಅವರು ನಮ್ಮ ಎಲೆಯಲ್ಲಿ ಉಂಡವರು. ನಮ್ಮ ಎಲೆಯಲ್ಲಿ ಉಂಡವರು ಸುಳ್ಳು ಹೇಳುವುದುಂಟೇ? ಪಾಪ, ಅವರಿಗೂ ಮೋಸ ಮಾಡಿದ್ದಾರೆ. ಹೇಗಿದ್ದಾರೆ ಅಪ್ಪ? ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂತ ಹೇಳು. ಎಮಾ ಕೇಳಿದಳು ಅಂತ ಹೇಳು.’

ನಾನು ಹೂಂ ಎಂದೆ. ಅಷ್ಟು ಹೊತ್ತಿಗೆ ನಾನೂ ಹಾಗೇ ನಂಬಲು ಒದ್ದಾಡುತ್ತಿದ್ದೆ. ಆದರೆ ಮೋಸಹೋದ ಮನುಷ್ಯ, ಎಮಾ ಮನೆಯವರು ಮಗನ ಊರಿನಲ್ಲಿ ಆರಾಮಾಗಿದ್ದಾರೆ ಎಂಬ ಕತೆ ಯಾಕೆ ಕಟ್ಟಿದರು?

ಸಂಜೆ ಮೈಸೂರಿಗೆ ಫೋನ್ ಮಾಡಿದೆ. ಅಪ್ಪ ಅಲ್ಲಿ ನನ್ನ ತಮ್ಮನ ಮನೆಯಲ್ಲಿರುತ್ತಾರೆ. ಮೊಮ್ಮಗನಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಎಮಾ ಸಿಕ್ಕಿದಳು ಎಂದೆ, ಹೇಳಿದ್ದನ್ನೆಲ್ಲ ಹೇಳಿದೆ, ಆ ಕೊನೆಯ ಮಾತೊಂದನ್ನು ಬಿಟ್ಟು. ಅವರು ಹುಡುಗನನ್ನು ಆಚೆ ಕಳಿಸಿದ್ದು ಕೇಳಿಸಿತು.

‘ಎಲ್ಲಾ ಹೋಗತ್ತೆ ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ ಅಪ್ಪ?’

‘ಗೊತ್ತಿತ್ತು.’

‘ಮತ್ತೆ ಆವತ್ತು ಊಟಕ್ಕೆ ಕೂತಿದ್ದು?’

‘ಏನು ಹೇಳಿದ್ರೂ ಅವ್ರು ನಂಬ್ತಿರ್ಲಿಲ್ಲ ಪುಟ್ಟಿ. ಜೊತೇಲಿ ಕೂತು ಉಂಡ್ರೆ ನಂಬ್ತಾರೆ ಅಂತ ನಾನೇ ಮ್ಯಾನೇಜರ್‌ಗೆ ಹೇಳ್ದೆ.’

ಬೇರೆ ಯಾರೋ ಹೇಳಿಕೊಟ್ಟದ್ದೆಂದಿದ್ದರೂ ಒಂದು ಮಾತಿತ್ತು. ಆ ಜನರ ಮನಸ್ಸು ಎಲ್ಲಿ ಕರಗುತ್ತದೆಂದು ಅವರ ನಡುವೆ ಬಾಳಿ ತಿಳಿದುಕೊಂಡು, ಸರಿಯಾಗಿ ಅಲ್ಲೇ ಕೈಹಾಕಿದ್ದರು. ಅಬಾ ಜಾಗ ಬಿಟ್ಟುಕೊಂಡು ಕೂರುತ್ತಿದ್ದುದನ್ನು ನಾನೊಬ್ಬಳೇ ಗಮನಿಸಿದ್ದೆ ಎಂದುಕೊಂಡಿದ್ದೆ. ಅಪ್ಪನೂ ಗಮನಿಸಿದ್ದರು. ಆ ಸಂಜೆಯ ತಲೆಸ್ನಾನ ಯಾತಕ್ಕೆಂದು ನಾನು ಕೇಳಲಿಲ್ಲ. ನನಗೆ ಕೋಪಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು, ಇಷ್ಟು ವರ್ಷ ಎದೆಗಪ್ಪಿಕೊಂಡು ತಿರುಗಿದ್ದು ಒಂದು ವ್ಯಾಪಾರವನ್ನಲ್ಲವೇ ಎಂದು.

ಆಮೇಲೆ ಅಪ್ಪ, ಅವರ ಗಂಟಲಲ್ಲಿ ನಾನು ಎಂದೂ ಕೇಳಿರದ ಸಣ್ಣ ದನಿಯಲ್ಲಿ ಕೇಳಿದರು: ‘ಎಮಾ ನನ್ನ ವಿಚಾರ ಏನಾದ್ರೂ ಕೇಳಿದ್ರೇನಮ್ಮ?’

ಎಪ್ಪತ್ತು ದಾಟಿದ ಮನುಷ್ಯ. ಒಂದೇ ಒಂದು ಮಾತು ಹೇಳಿದ್ದರೆ ಅವರಿಗೆ ಉಳಿದ ದಿನಗಳು ಹಗುರವಾಗುತ್ತಿದ್ದವು. ಆ ಮಾತು ನನ್ನ ನಾಲಗೆಯ ಮೇಲೇ ಇತ್ತು.

‘ಇಲ್ಲಪ್ಪ. ಕೇಳ್ಲಿಲ್ಲ’ ಎಂದೆ.

ಎಮಾಗೆ ನಾನು ಅಪ್ಪನ ನಿಜ ಹೇಳಿಲ್ಲ. ಅಪ್ಪನಿಗೆ ಎಮಾಳ ಮಾತು ತಲುಪಿಸಿಲ್ಲ. ಆ ಅಂಗಳದ ಕತೆಯೆಲ್ಲ ಪೂರ್ತಿಯಾಗಿ ಗೊತ್ತಿರುವವಳು ಈಗ ನಾನೊಬ್ಬಳೇ.