ಸುಣ್ಣ ಹೊಡೆದ ಕೋಣೆ

ನಾನಾಗ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅರಸೀಕೆರೆಯ ನಮ್ಮ ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ, ಪರೀಕ್ಷೆಯ ವೇಳಾಪಟ್ಟಿಯ ಪಕ್ಕ, ಒಂದು ಪ್ರಕಟಣೆ ಅಂಟಿಸಿದ್ದರು. ಬೇಸಿಗೆ ರಜೆಯಲ್ಲಿ ಹಳ್ಳಿಯಲ್ಲೇ ಉಳಿದು ಆರೋಗ್ಯದ ಕೆಲಸ ಕಲಿಯಲು ಇಷ್ಟವಿರುವ ವಿದ್ಯಾರ್ಥಿಗಳು ಅರ್ಜಿ ಹಾಕಬಹುದು ಎಂದಿತ್ತು. ಮನೆಮನೆಗೆ ಹೋಗಿ ಮಕ್ಕಳ ತೂಕ ನೋಡುವುದು, ಕುಡಿಯುವ ನೀರಿನ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸುವುದು, ವಾಂತಿಭೇದಿಯಾದ ಕೂಸಿಗೆ ಉಪ್ಪು ಸಕ್ಕರೆ ಕದಡಿದ ನೀರು ಕುಡಿಸುವುದನ್ನು ತಾಯಂದಿರಿಗೆ ಹೇಳಿಕೊಡುವುದು, ಇಂಥ ಕೆಲಸ. ಹುಡುಗಿಯರಲ್ಲಿ ಅದನ್ನು ಕೊನೆಯ ಸಾಲಿನ ತನಕ ಓದಿದವಳು ನಾನೊಬ್ಬಳೇ ಇರಬೇಕು. ಹೆಣ್ಣುಮಕ್ಕಳು ತಂದೆಯ ಒಪ್ಪಿಗೆ ತರಬೇಕು, ಹಳ್ಳಿಯಲ್ಲಿ ಪರಿಚಯದವರ ಮನೆಯಲ್ಲಿ ಉಳಿಯುವ ವ್ಯವಸ್ಥೆ ತಾವೇ ಮಾಡಿಕೊಳ್ಳಬೇಕು ಎಂದು ಆ ಸಾಲಿನಲ್ಲಿತ್ತು.

ನನಗೆ ಎರಡೂ ಕಷ್ಟವೆನಿಸಲಿಲ್ಲ. ಅಮ್ಮ ತೀರಿಕೊಂಡಾಗ ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಅಪ್ಪ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ನನಗೆ ಜಡೆ ಹಾಕುವುದನ್ನು ಪಕ್ಕದ ಮನೆಯವರಿಂದ ಕಲಿತು, ಮರುಮದುವೆಯ ಮಾತೆತ್ತಿದವರನ್ನು ನಗುನಗುತ್ತಲೇ ಸಾಗಹಾಕಿ, ಕ್ವಾರ್ಟರ್ಸಿನಲ್ಲಿ ನನ್ನನ್ನು ಬೆಳೆಸಿದವರು. ಅವರು ದನಿಯೇರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಆಫೀಸಿನಲ್ಲಿ ಎಲ್ಲ ಜಾತಿಯವರ ಜೊತೆಗೂ ಕೂತು ಬುತ್ತಿ ಬಿಚ್ಚುತ್ತಿದ್ದರು. ಸುತ್ತಲಿನ ಹೆಂಗಸರು ತಮ್ಮ ಗಂಡಂದಿರಿಗೆ ಅವರನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು.

ಇನ್ನು ಉಳಿಯಲು ಮನೆ. ಅಪ್ಪನ ಅಕ್ಕ ಹಳೇಬೀಡಿನಲ್ಲಿದ್ದರು, ಬಸದಿಗಳ ಕಡೆ ಹೋಗುವ ದಾರಿಯಲ್ಲಿ. ಮಾವನಿಗೆ ಸ್ವಲ್ಪ ಜಮೀನು, ಮನೆಗೆ ಹೊಂದಿಕೊಂಡೇ ಒಂದು ದಿನಸಿ ಅಂಗಡಿ. ಮಕ್ಕಳಿರಲಿಲ್ಲ. ನನ್ನ ರಜೆಗಳೆಲ್ಲ ಕಳೆದದ್ದು ಅಲ್ಲೇ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಬೇರೆಯವರ ಮನೆಯಲ್ಲಿ ಉಳಿದರೆ ಅದೇ ಒಂದು ತಾಪತ್ರಯ, ಅತ್ತೆಯ ಮನೆಯಾದರೆ ಆ ಮಾತೇ ಇಲ್ಲ.

ಅಪ್ಪ ಅರ್ಜಿಯನ್ನು ಪೂರ್ತಿ ಓದಿ, ಒಳ್ಳೆಯ ಕೆಲಸ ಎಂದು ಹೇಳಿ ಸಹಿ ಹಾಕಿದರು. ಆ ಭಾನುವಾರ ಇಬ್ಬರೂ ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ಹಳೇಬೀಡಿಗೆ ಹೋದೆವು. ವಿಷಯ ಹೇಳಿದಾಗ ಅತ್ತೆ ನನ್ನ ಕೆನ್ನೆ ಹಿಂಡಿ, "ನಮ್ಮನೇಲಿರಕ್ಕೆ ನನ್ನ ಕೇಳಬೇಕೇನೇ? ಮುಂದ್ಗಡೆ ಕೋಣೆ ಸುಮ್ನೆ ಬಿದ್ದೈತೆ. ಸುಣ್ಣ ಹೊಡೆಸಿ ಇಡ್ತೀನಿ, ಬಾ" ಅಂದರು. ಆ ಕೋಣೆಯಲ್ಲಿ ಅಂಗಡಿಯ ಖಾಲಿ ಡಬ್ಬಗಳೂ ಗೋಣಿಚೀಲಗಳೂ ತುಂಬಿದ್ದವು. ಅಂದೇ ಮಾವನ ಕೈಲಿ ಒಂದಷ್ಟನ್ನು ಅಟ್ಟಕ್ಕೆ ಹಾಕಿಸಿದರು.

ಸಂದರ್ಶನ ಬೇಲೂರಿನಲ್ಲಿತ್ತು. ಅದಕ್ಕೆ ಮುಂಚಿನ ವಾರವೆಲ್ಲ ಅಪ್ಪ ಸಂಜೆ ಊಟಕ್ಕೆ ಕೂತಾಗ ನನಗೆ ಪ್ರಶ್ನೆ ಹಾಕುತ್ತಿದ್ದರು. ಬಾವಿಗೆ ಪೌಡರ್ ಯಾವಾಗ ಹಾಕಬೇಕು, ಯಾಕೆ ಹಾಕಬೇಕು, ಮಗು ನೀರು ಕುಡಿಯದೆ ಹಟ ಮಾಡಿದರೆ ಏನು ಮಾಡುತ್ತೀಯ? ನಾನು ತಡವರಿಸಿದರೆ ನಕ್ಕು ಇನ್ನೊಮ್ಮೆ ಕೇಳುತ್ತಿದ್ದರು. ಸಂದರ್ಶನದ ದಿನ ರಜೆ ಹಾಕಿ ಜೊತೆಗೂ ಬಂದರು.

ಒಳಗೆ ಒಬ್ಬ ಲೇಡಿ ಡಾಕ್ಟರೂ ಇಬ್ಬರು ಗಂಡಸರೂ ಕೂತಿದ್ದರು. ಅಪ್ಪ ಕೇಳಿದ ಪ್ರಶ್ನೆಗಳೇ ಹೆಚ್ಚುಕಡಿಮೆ ಬಂದವು. ಕೊನೆಗೆ ಗಂಡಸರಲ್ಲೊಬ್ಬರು, ಊರಾಚೆಯ ಕಾಲನಿಗೂ ಹೋಗಬೇಕಾಗುತ್ತದೆ, ಬಸುರಿ ಬಾಣಂತಿಯರ ಜೊತೆ ಹೆರಿಗೆ, ಮಕ್ಕಳಾಗದ ಆಪರೇಷನ್ ಅಂತೆಲ್ಲ ಮಾತಾಡಬೇಕಾಗುತ್ತದೆ, ಮದುವೆಯಾಗದ ಹುಡುಗಿಗೆ ನಾಚಿಕೆಯಾಗುವುದಿಲ್ಲವೇ ಎಂದು ಕೇಳಿದರು. ಮೊದಮೊದಲು ಆಗಬಹುದು ಅಂದೆ. ಡಾಕ್ಟರು ನಕ್ಕು ಏನೋ ಬರೆದುಕೊಂಡರು. ನನ್ನನ್ನು ಅಲ್ಲೇ ಆರಿಸಿದರು. ಹಳೇಬೀಡಿನ ಸುತ್ತಮುತ್ತಲೇ ಕೆಲಸ, ಆದರೆ ಉಳಿಯುವ ಮನೆಯನ್ನು ತಾನೇ ಬಂದು ನೋಡಿ ಮನೆಯವರನ್ನು ಮಾತಾಡಿಸಿದ ಮೇಲೆಯೇ ಪಕ್ಕಾ ಎಂದರು ಡಾಕ್ಟರು.

ಅಪ್ಪ ಹೊರಗೆ ಮರದ ಕೆಳಗೆ ಕಾಯುತ್ತಿದ್ದರು. ಹೋಟೆಲಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿದರು. ಒಳಗೆ ನಡೆದದ್ದನ್ನೆಲ್ಲ ಒಂದನ್ನೂ ಬಿಡದೆ ಹೇಳಿದೆ. ಆ ಗಂಡಸಿನ ಪ್ರಶ್ನೆಯನ್ನು ಹೇಳಿ ನಾನೇ ನಗುತ್ತಿದ್ದೆ. ಅಪ್ಪ ಲೋಟ ಕೆಳಗಿಟ್ಟು, ಆ ವಿಷಯವೆಲ್ಲ ನೀನೇ ಮಾತಾಡಬೇಕೇ ಎಂದು ಕೇಳಿದರು. ಹೌದು ಅಂದೆ. ಸರಿ ಅಂದರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು, ದಣಿದಿದ್ದಾರೆ ಎಂದುಕೊಂಡೆ. ಮಾರನೆಯ ದಿನ ಆಫೀಸಿನಿಂದ ಬರುವಾಗ, ಹಳ್ಳಿಯಲ್ಲಿ ಓಡಾಡಲು ಬೇಕಾಗುತ್ತದೆ ಎಂದು ನನಗೊಂದು ಜೊತೆ ಗಟ್ಟಿ ಚಪ್ಪಲಿ ತಂದರು.

ಡಾಕ್ಟರು ಮನೆ ನೋಡಲು ಬರುವ ದಿನ ಅಪ್ಪನಿಗೆ ಡ್ಯೂಟಿ ಇತ್ತು. ನಾನೊಬ್ಬಳೇ ಬೆಳಗಿನ ಬಸ್ಸಿಗೆ ಹೋದೆ. ಅತ್ತೆ ನನ್ನನ್ನು ಕಂಡು ನಗಲಿಲ್ಲ, ಕಾಲು ತೊಳೆದುಕೋ ಎಂದಷ್ಟೇ ಹೇಳಿ ಒಳಗೆ ಹೋದರು. ಮೈಯಲ್ಲಿ ಹುಷಾರಿಲ್ಲವೇನೋ ಅಂದುಕೊಂಡೆ. ಮುಂದಿನ ಕೋಣೆ ನೋಡಿದೆ. ಹೊಸ ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಮಂಚ ಹಾಕಿದ್ದರು, ಕಿಟಕಿಗೆ ಹಳೆಯ ಸೀರೆಯ ಪರದೆ ಕಟ್ಟಿದ್ದರು.

ಜೀಪು ಬಂದಾಗ ಅತ್ತೆ ಹೊಸಿಲಲ್ಲೇ ನಿಂತರು. ಡಾಕ್ಟರನ್ನು ಒಳಗೆ ಕರೆಯಲಿಲ್ಲ. ಡಾಕ್ಟರು ನಮಸ್ಕಾರ ಹೇಳಿ, ನಿಮ್ಮ ಹುಡುಗಿ ಇಲ್ಲಿ ಉಳಿಯುತ್ತಾಳಂತೆ, ನೀವು ಒಪ್ಪಿದ್ದೀರಂತೆ ಎಂದು ಮಾತು ತೆಗೆದರು.

"ನಮ್ಮನೇಲಿ ಆಗಾಕಿಲ್ಲ" ಅಂದರು ಅತ್ತೆ.

ಡಾಕ್ಟರು ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಅವರು ಜೀಪಿನ ಚಕ್ರದ ಕಡೆ ನೋಡುತ್ತಿದ್ದರು. ಮೊದಲು ಒಪ್ಪಿದ್ದಿರಂತಲ್ಲ ಎಂದು ಡಾಕ್ಟರು ಇನ್ನೊಮ್ಮೆ ಕೇಳಿದರು.

"ಕಂಡೋರ ಕೇರಿಯೆಲ್ಲ ಸುತ್ಕಂಡ್ ಬಂದೋಳ್ನ ನಾನು ಅಡುಗೆಮನೆಗೆ ಬಿಟ್ಕಳಾಕಿಲ್ಲ. ನಮ್ಮದು ಮಡಿ ಮನೆ."

ಅಂಗಡಿಯಲ್ಲಿದ್ದ ಮಾವ ಹೊರಗೆ ಬರಲಿಲ್ಲ. ಡಾಕ್ಟರ ಜೊತೆ ಜೀಪಿನಲ್ಲಿ ಬಂದಿದ್ದ ಊರಿನ ಆಸ್ಪತ್ರೆಯ ನರ್ಸ್ ತಲೆ ತಗ್ಗಿಸಿದರು. ಆಕೆ ಯಾವ ಕೇರಿಯವರೋ ನನಗೆ ಗೊತ್ತಿರಲಿಲ್ಲ. ನನಗೆ ನಿಂತ ನೆಲ ಬಿರಿಯಬಾರದೇ ಅನ್ನಿಸಿತು. ಈ ಊರಲ್ಲಿ ನಿನಗೆ ಬೇರೆ ಯಾರ ಮನೆಯಾದರೂ ಇದೆಯೇ ಎಂದು ಡಾಕ್ಟರು ಮೆತ್ತಗೆ ಕೇಳಿದರು. ಇರಲಿಲ್ಲ. ಆಗ ಅವರು, ಬೇಜಾರು ಮಾಡಿಕೊಳ್ಳಬೇಡ, ಆದರೆ ಹಿಂದೆ ಕಾಯುತ್ತಿರುವವರಿದ್ದಾರೆ, ಜಾಗ ಅವರಿಗೆ ಕೊಡಬೇಕಾಗುತ್ತದೆ ಎಂದು ಹೇಳಿ ಹೊರಟರು.

ಯಾಕತ್ತೆ ಎಂದು ಕೇಳಿದೆ. ಊಟ ಮಾಡಿಕೊಂಡು ಹೋಗು ಅಂದರು. ನಾನು ಚೀಲ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಹಿಂದಿನಿಂದ ಯಾರೂ ಕರೆಯಲಿಲ್ಲ.

ಅಪ್ಪ ಮನೆಗೆ ಬಂದಾಗ ನಾನು ಅಡುಗೆಯನ್ನೂ ಮಾಡದೆ ಕೂತಿದ್ದೆ. ನಡೆದದ್ದನ್ನು ಹೇಳುತ್ತ ಅತ್ತೆಯ ಮೇಲೆ ಬಾಯಿಗೆ ಬಂದದ್ದೆಲ್ಲ ಅಂದೆ. ಎರಡು ನಾಲಿಗೆಯ ಹೆಂಗಸು, ಎದುರಿಗೆ ಒಂದು ಹಿಂದೆ ಒಂದು, ಅವರ ಮನೆಯ ಹೊಸಿಲು ಇನ್ನು ತುಳಿಯುವುದಿಲ್ಲ ಅಂದೆ. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, "ಬಿಡು ಮಗಳೇ. ಹಳ್ಳಿಯವಳು, ಅವಳಿಗೇನು ಗೊತ್ತಾಗುತ್ತೆ" ಅಂದರು. ತಾವೇ ಅನ್ನಕ್ಕೆ ಇಟ್ಟು, ಕತ್ತಲಾಗುವ ಮೊದಲು ನನಗೆ ಬಡಿಸಿದರು. ಇಂಥ ಅಪ್ಪ ಇರುವಾಗ ಅತ್ತೆ ಹೋದರೆ ಹೋಗಲಿ ಎಂದುಕೊಂಡು ಉಂಡೆ.

ಅದಾದ ಮೇಲೆ ಹಳೇಬೀಡಿಗೆ ಹೋಗಲಿಲ್ಲ. ಹಬ್ಬಕ್ಕೆ ಕರೆ ಬಂದರೆ ಅಪ್ಪ ಒಬ್ಬರೇ ಹೋಗಿ ಬರುತ್ತಿದ್ದರು, ನನ್ನನ್ನು ಬಲವಂತ ಮಾಡುತ್ತಿರಲಿಲ್ಲ. ಕೊನೆಯ ವರ್ಷದ ಪರೀಕ್ಷೆ ಮುಗಿದ ಮೇಲೆ ಒಂದು ದಿನ, ಕೊಬ್ಬರಿ ಮಾರಲು ಅರಸೀಕೆರೆಯ ಮಾರ್ಕೆಟ್ಟಿಗೆ ಬಂದಿದ್ದ ಮಾವ ದಾರಿಯಲ್ಲಿ ಸಿಕ್ಕರು. ನಿಮ್ಮತ್ತೆಗೆ ಮಂಡಿನೋವು, ಒಂದು ಸಲ ಬಂದು ನೋಡಿಕೊಂಡು ಹೋಗು ಎಂದರು. ಜನರ ಎದುರಿಗೆ ಹೊಸಿಲಿನಿಂದ ಕಳಿಸಿದವರನ್ನು ಏನು ನೋಡುವುದು ಎಂದು ನಾನು ಕೇಳಿಯೇಬಿಟ್ಟೆ.

ಮಾವ ಮಾತಿನವರಲ್ಲ. ಹೆಗಲ ಮೇಲಿನ ಟವೆಲನ್ನು ಸರಿಮಾಡಿಕೊಂಡರು.

"ನಿಮ್ಮಪ್ಪ ನಿಂಗೆ ಇನ್ನೂ ಹೇಳಿಲ್ವೇನವ್ವ?" ಅಂದರು. "ಆ ಡಾಕ್ಟ್ರಮ್ಮ ಬರೋ ಹಿಂದಿನ ದಿನ ಅವನೇ ಬಂದಿದ್ದ. ಹುಡುಗೀನ ಇಲ್ಲಿ ಇಟ್ಕಬ್ಯಾಡ ಅಂತ ಅಕ್ಕನ ಕೈ ಹಿಡ್ಕಂಡ. ಏನ್ ಹೇಳ್ಬೇಕು ಅಂತಾನೂ ಅವನೇ ಹೇಳ್ಕೊಟ್ಟು ಹೋದ."

ನಾನು ನಂಬಲಿಲ್ಲ. ಮನೆ ಸೇರುವಷ್ಟರಲ್ಲಿ ನಂಬಿದ್ದೆ. ಕಿಟಕಿಯ ಕಡೆ ತಿರುಗಿದ ಆ ಮುಖ, ಆವತ್ತಿನ ಡ್ಯೂಟಿ, ತಲೆಯ ಮೇಲಿಟ್ಟ ಕೈ, ಎಲ್ಲ ಒಂದೊಂದಾಗಿ ಬೇರೆಯದೇ ಅರ್ಥ ಪಡೆಯುತ್ತ ಹೋದವು.

ಅಪ್ಪ ಊಟಕ್ಕೆ ಕೂತಿದ್ದರು. ನಾನು ನಿಂತೇ ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. ಕೈ ತಟ್ಟೆಯಲ್ಲೇ ಇತ್ತು. ತಾಯಿಯಿಲ್ಲದ ಹುಡುಗಿ ಬೀದಿಬೀದಿ ತಿರುಗುತ್ತಾ ಗರ್ಭ, ಆಪರೇಷನ್ ಎಂದು ಮಾತಾಡಿದಳು ಅಂತ ನಾಳೆ ಸಂಬಂಧ ಕೇಳಲು ಬಂದವರು ಆಡಿಕೊಂಡರೆ ಏನು ಮಾಡಲಿ ಎಂದು ಹೆದರಿಕೆಯಾಯಿತಂತೆ. ಬೇಡ ಎಂದು ನೀವೇ ಹೇಳಬಹುದಿತ್ತಲ್ಲ ಎಂದೆ.

"ನಾನು ಹೇಳಿದ್ರೆ ನೀನು ನನ್ನ ಜೊತೆ ಮಾತು ಬಿಡ್ತಿದ್ದೆ. ಈ ಮನೇಲಿರೋದು ನಾವಿಬ್ಬರೇ. ಅಕ್ಕ ದೂರದಲ್ಲಿದ್ದಾಳೆ, ಅವಳ ಮೇಲೆ ಸಿಟ್ಟಾದ್ರೆ ನಡೆಯುತ್ತೆ ಅಂದ್ಕೊಂಡೆ."

"ಆ ಕೇರಿ ಮಾತು?"

"ಹಾಗಂದ್ರೆ ಡಾಕ್ಟ್ರು ತಿರುಗಿ ಬಲವಂತ ಮಾಡಲ್ಲ ಅಂತ."

ಸಿಟ್ಟಾಗಿ ಬೇಡ ಎಂದಿದ್ದರೆ, ಬಾಗಿಲು ಹಾಕಿ ಕೂಡಿಹಾಕಿದ್ದರೂ ನಾನು ಜಗಳವಾಡಿ ಮರೆಯುತ್ತಿದ್ದೆನೇನೋ. ಒಳಗೊಳಗೇ ಬೇಡವೆಂದುಕೊಂಡು ಚಪ್ಪಲಿ ತಂದುಕೊಟ್ಟಿದ್ದರಲ್ಲ, ಅದು ನನ್ನನ್ನು ಸುಟ್ಟಿತು. ತಾವು ಎಂದೂ ಪಾಲಿಸದ ಮಡಿಯನ್ನು ಅಕ್ಕನ ಬಾಯಲ್ಲಿ ಹೇಳಿಸಿ, ಆಕೆಯನ್ನೇ ಹಳ್ಳಿಯವಳು ಎಂದು ನನ್ನೆದುರು ಹೀಗಳೆದಿದ್ದರು.

ಮರುದಿನ ಹಳೇಬೀಡಿಗೆ ಹೋದೆ. ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು. ಬಟ್ಟಲು ಇಸಿದುಕೊಂಡು ನಾನು ತಿಕ್ಕತೊಡಗಿದೆ. ಮಾವ ಎಲ್ಲ ಹೇಳಿದರು ಎಂದೆ. ಆವತ್ತೇ ನನಗೆ ಹೇಳಬಹುದಿತ್ತಲ್ಲ ಎಂದು ಕೇಳಿದೆ.

"ಹೇಳಿದ್ರೆ ನೀನು ಯಾವ ಮನೆಗೆ ಹೋಗ್ತಿದ್ದೆ? ಅವನ ಹತ್ರಾನೇ ಅಲ್ವಾ ಇರಬೇಕಾಗಿದ್ದು" ಅಂದರು. ಇನ್ನೊಂದು ಮಂಡಿಯ ಮೇಲಿನ ಸೀರೆ ಸರಿಸುತ್ತ, "ಆ ನರ್ಸಮ್ಮನ ಮುಂದೆ ಅಂಥ ಮಾತಾಡ್ದೆ ನೋಡು. ನನ್ ತಮ್ಮ ಅದೊಂದು ಹೇಳಿಸಬಾರದಿತ್ತು" ಅಂದರು. ಆಕೆ ಯಾವಾಗಲಾದರೂ ಅಂಗಡಿಗೆ ಬಂದರೆ ಅತ್ತೆ ಒಳಗೆ ಎದ್ದು ಹೋಗುತ್ತಿದ್ದರಂತೆ, ಮುಖ ತೋರಿಸಲಾಗದೆ.

ಬೇಸಿಗೆ ರಜೆಯ ಆ ಆರೋಗ್ಯದ ಕೆಲಸಕ್ಕೆ ನಾನು ಮತ್ತೆ ಅರ್ಜಿ ಹಾಕುವಂತಿರಲಿಲ್ಲ. ಅದು ಓದುತ್ತಿರುವವರಿಗೆ ಮಾತ್ರ. ನಾನು ಬಿ.ಎಡ್. ಮಾಡಲು ನಿರ್ಧರಿಸಿದೆ. ಉತ್ತರ ಅಪ್ಪನ ಕೈಗೆ ಸಿಗದಂತೆ ಅರ್ಜಿಯಲ್ಲಿ ಅತ್ತೆಯ ಹಳೇಬೀಡಿನ ವಿಳಾಸ ಕೊಟ್ಟು, ಬಸ್ ಸ್ಟ್ಯಾಂಡಿನ ಹತ್ತಿರದ ಡಬ್ಬಿಗೆ ಹಾಕಿ ಬಂದೆ. ಅಪ್ಪನ ಜೊತೆ ಮಾತು ಬಿಡಲಿಲ್ಲ. ಅವರಿಗೆ ಬುತ್ತಿ ಕಟ್ಟುತ್ತಿದ್ದೆ, ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಒಂದು ಬೆಳಿಗ್ಗೆ ಅವರು ಪೇಪರಿನಿಂದ ತಲೆಯೆತ್ತಿ, ಮುಂದೆ ಏನು ಮಾಡಬೇಕೆಂದಿದ್ದೀಯ, ಎಲ್ಲಿಗಾದರೂ ಅರ್ಜಿ ಹಾಕಿದೆಯಾ, ನಾನೇನಾದರೂ ಸಹಾಯ ಮಾಡಲೇ ಎಂದು ಕೇಳಿದರು. ಕೇಳಿದ ದನಿಯಲ್ಲಿ ಪ್ರೀತಿಯೇ ಇತ್ತು.

ಇನ್ನೂ ಇಲ್ಲ ಅಪ್ಪಾ ಎಂದೆ.